ಕತ್ತಿನ ಮೇಲಿನ ನಾಲ್ಕು ಮಚ್ಚೆ: ಮಾಲಿನಿ ಫೊನ್ಸೇಕಾ ಬಗ್ಗೆ ಒಂದಿಷ್ಟು ಮಾತು

(ನಮ್ಮ ಸಿನಿಮಾ ಬಳಗದ ತಿಂಗಳ ಸಭೆಯಲ್ಲಿ, ಚಿತ್ರ ತೋರಿಸುವ ಮೊದಲು ಆಡಿದ ಮಾತುಗಳು. ಆವತ್ತು ಮಧ್ಯದಲ್ಲಿ ಕರೆಂಟ್ ಹೋಗಿ ಹತ್ತು ನಿಮಿಷ ಕತ್ತಲಲ್ಲೇ ಮಾತಾಡಿದೆ. ಚೀಟಿ ಕಾಣದೆ ಬಿಟ್ಟುಹೋದದ್ದನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಶ್ರೀಲಂಕಾದ ಐದು ಜನರ ಹೆಸರು ಹೇಳಿ ಅಂದರೆ ನೀವು ಥಟ್ಟನೆ ಹೇಳುತ್ತೀರಿ. ರಣತುಂಗ, ಜಯಸೂರ್ಯ, ಮುರಳೀಧರನ್, ಸಂಗಕ್ಕಾರ, ಮಾಲಿಂಗ. ಐದೂ ಕ್ರಿಕೆಟ್. ಸರಿ, ಸಿನಿಮಾದವರು ಒಬ್ಬರ ಹೆಸರು ಹೇಳಿ ನೋಡೋಣ.

(ಹಿಂದಿನ ಸಾಲಿನಿಂದ ಯಾರೋ "ಜಾಕ್ವೆಲಿನ್!" ಎಂದರು. ಎಲ್ಲರೂ ನಕ್ಕರು.)

ತಪ್ಪೇನಿಲ್ಲ. ಜಾಕ್ವೆಲಿನ್ ಫೆರ್ನಾಂಡಿಸ್ 2006ರಲ್ಲಿ ಮಿಸ್ ಯೂನಿವರ್ಸ್ ಸ್ಪರ್ಧೆಗೆ ಶ್ರೀಲಂಕಾದ ಪರವಾಗಿಯೇ ಹೋಗಿದ್ದವರು. ನಮಗೆ ಅವರು 'ವಿಕ್ರಾಂತ್ ರೋಣ'ದ ರಕ್ಕಮ್ಮ. ಆದರೆ ಅವರು ಹೆಸರು ಮಾಡಿದ್ದು ಹಿಂದಿಯಲ್ಲಿ. ಸಿಂಹಳ ಭಾಷೆಯಲ್ಲಿ, ಆ ನೆಲದಲ್ಲೇ ಇದ್ದುಕೊಂಡು ನಟಿಸಿದವರ ಒಂದು ಹೆಸರೂ ನಮಗೆ ಗೊತ್ತಿಲ್ಲ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ನನ್ನ ಮನೆಯಿಂದ ಈ ಸಭಾಂಗಣಕ್ಕೆ ಬರಲು ಇವತ್ತು ಅಷ್ಟೇ ಹೊತ್ತು ಹಿಡಿಯಿತು. ಇರಲಿ.

ಇವತ್ತು ನಾನು ಹೇಳಲು ಹೊರಟಿರುವುದು ಮಾಲಿನಿ ಫೊನ್ಸೇಕಾ ಅವರ ಬಗ್ಗೆ. ಅವರ ಊರಿನಲ್ಲಿ ಅವರನ್ನು ಸಿಂಹಳ ಸಿನಿಮಾದ ರಾಣಿ ಎಂದು ಕರೆಯುತ್ತಾರೆ. 1947ರ ಏಪ್ರಿಲ್ 30ರಂದು ಹುಟ್ಟಿದರು. 2025ರ ಮೇ 24ರಂದು, 78ನೇ ವಯಸ್ಸಿನಲ್ಲಿ ತೀರಿಕೊಂಡರು. ಈ ನಡುವೆ 140ಕ್ಕೂ ಹೆಚ್ಚು ಸಿನಿಮಾ, ಜೊತೆಗೆ ನಾಟಕ, ಟಿವಿ, ನಿರ್ದೇಶನ, ಒಂದು ಅವಧಿಗೆ ಸಂಸತ್ತು.

ಮೊದಲು ಆ ಹೆಸರಿನ ವಿಷಯ ಮುಗಿಸಿಬಿಡುತ್ತೇನೆ, ಯಾಕೆಂದರೆ ಯಾರಾದರೂ ಕೇಳಿಯೇ ಕೇಳುತ್ತೀರಿ. ಫೊನ್ಸೇಕಾ ಪೋರ್ಚುಗೀಸ್ ಹೆಸರು. 1505ರಲ್ಲಿ ಪೋರ್ಚುಗೀಸರು ಲಂಕೆಗೆ ಬಂದ ಮೇಲೆ ಕರಾವಳಿಯ ಕಡೆ ಪೆರೇರಾ, ಸಿಲ್ವಾ, ಫೆರ್ನಾಂಡೊ, ಫೊನ್ಸೇಕಾ ಎಲ್ಲ ಮನೆತನದ ಹೆಸರಾದವು. ನಮ್ಮ ಮಂಗಳೂರಿನ ಪಿಂಟೊ, ಡಿಸೋಜರ ಹಾಗೆ. ಒಂದು ವ್ಯತ್ಯಾಸ ಇದೆ. ಮಂಗಳೂರಿನಲ್ಲಿ ಹೆಸರು ಕೇಳಿದರೆ ಕ್ರೈಸ್ತರು ಎಂದು ಗೊತ್ತಾಗುತ್ತದೆ. ಅಲ್ಲಿ ಹಾಗಲ್ಲ, ದಿನವೂ ವಿಹಾರಕ್ಕೆ ಹೋಗಿ ಬುದ್ಧನಿಗೆ ಹೂ ಇಡುವವರ ಮನೆತನದ ಹೆಸರೂ ಪೆರೇರಾ ಇರಬಹುದು. ಇನ್ನೊಂದು ಗೊಂದಲ: ಸಿಂಹಳ ಸಿನಿಮಾದ ದೊಡ್ಡ ನಾಯಕ ನಟ ಗಾಮಿನಿ ಫೊನ್ಸೇಕಾ. ಇವತ್ತು ನೋಡುವ 'ನಿಧಾನಯ' ಚಿತ್ರದಲ್ಲಿ ಅವರೇ ನಾಯಕ. ಇಬ್ಬರಿಗೂ ಸಂಬಂಧವೇನೂ ಇಲ್ಲ. ಸುಮ್ನೆ ಒಂದೇ ಹೆಸರು.

ಮಾಲಿನಿ ಹುಟ್ಟಿದ್ದು ಪೇಲಿಯಗೊಡದಲ್ಲಿ. ಕೊಲಂಬೊ ದಾಟಿ, ಕೆಲನಿ ನದಿಯ ಆಚೆ ದಡ. ಈಗ ಅದು ದೊಡ್ಡ ಮೀನು ಮಾರುಕಟ್ಟೆಗೆ ಹೆಸರಾದ ಜಾಗ. ಅವರು ಹುಟ್ಟುವುದಕ್ಕೆ ಮೂರು ತಿಂಗಳ ಹಿಂದೆ, ಅದೇ 1947ರ ಜನವರಿ 21ರಂದು, ಸಿಂಹಳದ ಮೊದಲ ಮಾತಿನ ಚಿತ್ರ 'ಕಡವುನು ಪೊರೊಂದುವ' ಕೊಲಂಬೊದಲ್ಲಿ ತೆರೆಕಂಡಿತ್ತು. ಹೆಸರಿನ ಅರ್ಥ 'ಮುರಿದ ಮಾತು'. ಅಂದರೆ ಈ ಹೆಂಗಸು ಮತ್ತು ಆ ಭಾಷೆಯ ಸಿನಿಮಾ ಒಂದೇ ವಾರಿಗೆಯವರು. ಒಂದೇ ವರ್ಷ ಹುಟ್ಟಿದವರು.

ಆ ಮೊದಲ ಚಿತ್ರ ತಯಾರಾದದ್ದು ಎಲ್ಲಿ ಗೊತ್ತಾ? ನಮ್ಮ ಪಕ್ಕದ ಮದುರೆಯಲ್ಲಿ. ನಿರ್ಮಾಪಕರು ಎಸ್. ಎಂ. ನಾಯಗಂ, ತಮಿಳರು. ನಾಯಕಿ ರುಕ್ಮಣಿ ದೇವಿ ಕೂಡ ಹುಟ್ಟಿನಿಂದ ತಮಿಳರೇ. ಇದನ್ನು ಕೇಳಿ ನಾವೇನೂ ನಗುವ ಹಾಗಿಲ್ಲ. ನಮ್ಮ 'ಸತಿ ಸುಲೋಚನ' 1934ರಲ್ಲಿ ತಯಾರಾದದ್ದು ಕೊಲ್ಲಾಪುರದಲ್ಲಿ. ಆಮೇಲೆ ಎಷ್ಟು ವರ್ಷ ಮದರಾಸಿನ ಸ್ಟುಡಿಯೊಗಳಲ್ಲಿ ದಿನಗೂಲಿಯವರ ಹಾಗೆ ಕಾದುಕೊಂಡು ಕನ್ನಡ ಚಿತ್ರ ಮಾಡಿದೆವು! ಸಿಂಹಳದವರೂ ಅದೇ ಸ್ಟುಡಿಯೊಗಳ ಬಾಗಿಲಲ್ಲಿ ನಿಂತಿದ್ದರು. ತಮಿಳು, ಹಿಂದಿ ಚಿತ್ರಗಳ ಕತೆ, ಕುಣಿತ, ಟ್ಯೂನು ಎಲ್ಲ ಹಾಗೆಯೇ ಎತ್ತಿ ಸಿಂಹಳ ಮಾತು ಹಾಕುತ್ತಿದ್ದರು. 1956ರಲ್ಲಿ ಲೆಸ್ಟರ್ ಜೇಮ್ಸ್ ಪೀರಿಸ್ ಎಂಬವರು ಸ್ಟುಡಿಯೊ ಬಿಟ್ಟು ಹಳ್ಳಿಗೆ ಕ್ಯಾಮೆರಾ ಹೊತ್ತುಕೊಂಡು ಹೋಗಿ 'ರೇಖಾವ' ಮಾಡಿದರು. ಅದು ಮರುವರ್ಷ ಕಾನ್ ಉತ್ಸವದ ಸ್ಪರ್ಧೆಗೂ ಹೋಯಿತು. ಲೆಸ್ಟರ್ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಮಾಲಿನಿ ಶುರು ಮಾಡಿದ್ದು ನಾಟಕದಿಂದ. 'ಅಕಲ್ ವೆಸ್ಸ', ಅಂದರೆ 'ಅಕಾಲದ ಮಳೆ', ಅವರಿಗೆ ಹೆಸರು ತಂದಿತು. 1968ರಲ್ಲಿ ತಿಸ್ಸ ಲಿಯನಸೂರಿಯ ನಿರ್ದೇಶನದ 'ಪುಂಚಿ ಬಬಾ' ಚಿತ್ರದಲ್ಲಿ ಬಂದರು. ಅದು 'ಪುಟ್ಟ ಮಗು' ಅಂತ. ಆಗ ವಯಸ್ಸು ಇಪ್ಪತ್ತೊಂದು. ಜೊತೆಗೆ ಜೋ ಅಬೇವಿಕ್ರಮ ಇದ್ದರು. ನನಗೆ ಸಿಂಹಳ ನಟರಲ್ಲಿ ಎಲ್ಲರಿಗಿಂತ ಇಷ್ಟವಾದವರು ಅವರೇ. ನಗಿಸುತ್ತಾ ನಗಿಸುತ್ತಾ ಗಂಟಲು ಕಟ್ಟಿಸುತ್ತಿದ್ದ ಮನುಷ್ಯ. ಅವರ ಬಗ್ಗೆ ಇನ್ನೊಂದು ದಿನ.

ಮರುವರ್ಷವೇ ಲೆಸ್ಟರ್ ಅವರ 'ಅಕ್ಕರ ಪಹ'. ಅಕ್ಕರ ಅಂದರೆ ಎಕರೆ, ಪಹ ಅಂದರೆ ಐದು. ಮಗನನ್ನು ಓದಿಸಲು ಇರುವ ಜಮೀನನ್ನೂ ಒತ್ತೆ ಇಡುವ ರೈತನ ಮನೆಯ ಕತೆ. ಈ ಕತೆ ನಮಗೆ ಹೊಸದಲ್ಲ, ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದೇ ನಡೆದಿಲ್ಲ? ಇಲ್ಲಿಂದ ಮುಂದೆ ಮಾಲಿನಿ ಎರಡು ದೋಣಿಯಲ್ಲಿ ಕಾಲಿಟ್ಟರು. ಒಂದು ಕಡೆ ಹಾಡು, ಹೊಡೆದಾಟ, ಅಳು ತುಂಬಿದ ಸಿನಿಮಾ. ಇನ್ನೊಂದು ಕಡೆ ಉತ್ಸವಕ್ಕೆ ಹೋಗುವ ಸಿನಿಮಾ. ಎರಡು ದೋಣಿಯಲ್ಲಿ ಕಾಲಿಟ್ಟವರು ಬೀಳುತ್ತಾರೆ ಅಂತಾರೆ. ಇವರು ನಲವತ್ತು ವರ್ಷ ಬೀಳಲಿಲ್ಲ.

ನನಗೆ ಇಲ್ಲಿ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ. ಎಪ್ಪತ್ತರ ದಶಕದಲ್ಲಿ ನಾವು ಕನ್ನಡದವರು ಕಲಾತ್ಮಕ, ಕಮರ್ಷಿಯಲ್ ಅಂತ ಮಧ್ಯೆ ಬೇಲಿ ಹಾಕಿಕೊಂಡೆವು. ಆಚೆಯವರು ಈಚೆ ಬಂದದ್ದು ಕಡಿಮೆ, ಈಚೆಯವರು ಆಚೆ ಹೋದದ್ದು ಇನ್ನೂ ಕಡಿಮೆ. ಮಾಲಿನಿ ಆ ಬೇಲಿಯನ್ನು ಬೇಲಿ ಎಂದು ಲೆಕ್ಕಕ್ಕೇ ಇಡಲಿಲ್ಲ. 1978ರ ಒಂದೇ ವರ್ಷ ನೋಡಿ. 'ಪೈಲಟ್ ಪ್ರೇಮನಾಥ್' ಅನ್ನುವ ತಮಿಳು ಚಿತ್ರದಲ್ಲಿ ಶಿವಾಜಿ ಗಣೇಶನ್ ಅವರಿಗೆ ಜೋಡಿ. ಶ್ರೀದೇವಿಯೂ ಅದರಲ್ಲಿದ್ದಾರೆ. ಅದೇ ವರ್ಷ ಧರ್ಮಸೇನ ಪತಿರಾಜ ನಿರ್ದೇಶಿಸಿದ 'ಬಂಬರು ಆವಿತ್'. ಒಂದರಲ್ಲಿ ಬಣ್ಣಬಣ್ಣದ ಸೀರೆ, ಡ್ಯುಯೆಟ್. ಇನ್ನೊಂದರಲ್ಲಿ ಮರಳಿನ ಮೇಲೆ ಗುಡಿಸಲು, ಮೀನಿನ ಬುಟ್ಟಿ.

'ಬಂಬರು ಆವಿತ್' ಅಂದರೆ 'ಭ್ರಮರಗಳು ಬಂದಿವೆ'. ಕಲ್ಪಿಟಿಯ ಕಡೆಯ ಬೆಸ್ತರ ಊರು. ಪಟ್ಟಣದಿಂದ ವಿಕ್ಟರ್ ಎಂಬ ಹುಡುಗ ಬರುತ್ತಾನೆ, ಮೀನಿನ ವ್ಯಾಪಾರ ಹಿಡಿಯಲು. ಆ ಪಾತ್ರ ವಿಜಯ ಕುಮಾರತುಂಗ ಅವರದ್ದು, ಅಲ್ಲಿನ ಹುಡುಗಿಯರ ಕನಸಿನ ನಾಯಕ. ಊರಿನ ಹುಡುಗಿ ಹೆಲೆನ್ ಅವನ ಕಡೆ ವಾಲುತ್ತಾಳೆ. ಅವಳನ್ನೇ ನೆಚ್ಚಿಕೊಂಡ ಬೆಸ್ತರ ಹುಡುಗ ಒಬ್ಬನಿದ್ದಾನೆ. ಆಮೇಲೆ ಏನಾಗುತ್ತದೆ ನೀವೇ ಊಹಿಸಬಹುದು. ಹೆಲೆನ್ ಆಗಿ ಮಾಲಿನಿ ಮಾಡುವುದು ಬಹಳ ಕಡಿಮೆ. ನಿಲ್ಲುತ್ತಾರೆ, ನೋಡುತ್ತಾರೆ, ತಿರುಗಿ ಹೋಗುತ್ತಾರೆ. ಬಂದವರು ಹೆಲೆನ್‌ಳನ್ನೂ ಕಡಲನ್ನೂ ಒಂದೇ ಕಣ್ಣಿನಲ್ಲಿ ನೋಡುತ್ತಿದ್ದಾರೆ ಎಂದು ನಮಗೆ ಗೊತ್ತಾಗುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

1980ರಲ್ಲಿ ಲೆಸ್ಟರ್ 'ಬೆದ್ದೇಗಮ' ಮಾಡಿದರು. ಬೆದ್ದ ಅಂದರೆ ಕಾಡು, ಗಮ ಅಂದರೆ ಗ್ರಾಮ. ಬ್ರಿಟಿಷ್ ಅಧಿಕಾರಿಯಾಗಿ ಲಂಕೆಯಲ್ಲಿದ್ದ ಲಿಯೊನಾರ್ಡ್ ವುಲ್ಫ್ ಬರೆದ ಕಾದಂಬರಿ ಅದಕ್ಕೆ ಮೂಲ. ಆ ಚಿತ್ರದಲ್ಲಿ ಬಿಳಿ ನ್ಯಾಯಾಧೀಶನ ಪಾತ್ರ ಮಾಡಿದ್ದು ಯಾರು ಅಂದುಕೊಂಡಿರಿ? ಆರ್ಥರ್ ಸಿ. ಕ್ಲಾರ್ಕ್! ಹೌದು, ಬಾಹ್ಯಾಕಾಶದ ಕತೆಗಳ ಕ್ಲಾರ್ಕ್ ಅವರೇ. ಅವರು ಕೊಲಂಬೊದಲ್ಲೇ ನೆಲೆಸಿದ್ದರು. ಮಾಲಿನಿ ಅದರಲ್ಲಿ ಪುಂಚಿ ಮೆನಿಕಾ, ಕಾಡಿನಂಚಿನ ಬಡ ಹೆಂಗಸು.

ಮರುವರ್ಷ ಪತಿರಾಜ ಅವರ 'ಸೊಲ್ದಾದು ಉನ್ನೆಹೆ', 'ಸೈನಿಕರು' ಅಂತ ಗೌರವ ಬೆರೆಸಿ ಕರೆಯುವ ಹಾಗೆ. ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ, ಫೆಬ್ರವರಿ 4ರ ಹಬ್ಬದ ಸುತ್ತ ನಡೆಯುವ ಕತೆ. ಹಬ್ಬಕ್ಕೆ ಕರೆ ಇಲ್ಲದ ನಾಲ್ಕು ಜನ: ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಮುದುಕ, ಒಬ್ಬ ಕಳ್ಳ, ಒಬ್ಬ ಕುಡುಕ, ಒಬ್ಬಳು ಮೈಮಾರಿ ಬದುಕುವವಳು. ಮುದುಕ ಜೋ, ಆ ಹೆಂಗಸು ಮಾಲಿನಿ. ಹೊತ್ತಿಗೆ ಒಂದು ಚಿತ್ರ ಬಿಡುಗಡೆ ಆಗುತ್ತಿದ್ದ ರಾಣಿ, ಇಡೀ ಊರೇ ಗುರುತು ಹಿಡಿಯುವ ಮುಖ, ಬೀದಿಬದಿಯ ಆ ಪಾತ್ರದಲ್ಲಿ ಕುಳಿತರು. ಎಲ್ಲರೂ 'ನಿಧಾನಯ' ಅವರ ಶ್ರೇಷ್ಠ ಚಿತ್ರ ಎನ್ನುತ್ತಾರೆ. ಚಿತ್ರವಾಗಿ ಇರಬಹುದು. ನಟನೆ ಅಂತ ತೂಗಿದರೆ ನನ್ನ ಓಟು ಇದಕ್ಕೆ.

(ಕರೆಂಟ್ ಹೋದದ್ದು ಇಲ್ಲಿ.)

ಕತ್ತಲಾಯಿತು, ಹಾಗಾಗಿ ಕತ್ತಲೆಯ ವಿಷಯವನ್ನೇ ಹೇಳಿಬಿಡುತ್ತೇನೆ. 1983ರ ಜುಲೈ. ತಮಿಳರ ಮೇಲೆ ಕೊಲಂಬೊದಲ್ಲೂ ಸುತ್ತಮುತ್ತಲೂ ನಡೆದ ಹಿಂಸೆ ನಿಮಗೆಲ್ಲ ಗೊತ್ತು. ಅದರಲ್ಲಿ ಸಿನಿಮಾಕ್ಕೆ ಏನಾಯಿತು ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ತಮಿಳು ನಿರ್ಮಾಪಕ ಕೆ. ಗುಣರತ್ನಂ ಅವರ ವಿಜಯ ಸ್ಟುಡಿಯೊ ಕೊಲಂಬೊ ಹತ್ತಿರದ ಹೆಂದಲದಲ್ಲಿತ್ತು. ಅದನ್ನು ಸುಟ್ಟರು. ಒಳಗಿದ್ದ ಚಿತ್ರಗಳ ನೆಗೆಟಿವ್‌ಗಳೂ ಸುಟ್ಟುಹೋದವು. ಅವು ಸಿಂಹಳ ಚಿತ್ರಗಳೇ! ಸಿಂಹಳದಲ್ಲಿ ಎಷ್ಟೋ ಜನಪ್ರಿಯ ಚಿತ್ರ ಮಾಡಿದ್ದ ಕೆ. ವೆಂಕಟ್ ಎಂಬ ತಮಿಳು ನಿರ್ದೇಶಕರನ್ನು ಗುಂಪು ಕೊಂದಿತು. ಮೊದಲೇ ಹೇಳಿದೆನಲ್ಲ, ಮೊದಲ ಚಿತ್ರ ಮದುರೆಯಲ್ಲಿ, ಮೊದಲ ನಾಯಕಿ ತಮಿಳರು ಅಂತ. ತೊಟ್ಟಿಲು ಕಟ್ಟಿದ ಕೈಯನ್ನೇ ಕಡಿದ ಹಾಗಾಯಿತು. ಐದು ವರ್ಷ ಕಳೆದು, 1988ರ ಫೆಬ್ರವರಿ 16ರಂದು ವಿಜಯ ಕುಮಾರತುಂಗ ಅವರನ್ನು ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಅವರು ಆಗ ರಾಜಕೀಯಕ್ಕೆ ಬಂದು ತಮಿಳರ ಜೊತೆ ರಾಜಿಯ ಮಾತಾಡುತ್ತಿದ್ದರು. ಮಾಲಿನಿ ಜೊತೆ ಎಷ್ಟು ಚಿತ್ರಗಳಲ್ಲಿ ಹಾಡಿ ನಲಿದ ನಾಯಕ.

ಇಂಥ ವರ್ಷಗಳಲ್ಲಿ ರಾತ್ರಿ ಆಟಕ್ಕೆ ಯಾರು ಹೋಗುತ್ತಾರೆ? ಜನ ಮನೆಯಲ್ಲಿ ಕುಳಿತರು. ಮನೆಯಲ್ಲಿ ಟಿವಿ ಬಂದಿತ್ತು. ಸರ್ಕಾರದ ರೂಪವಾಹಿನಿ 1982ರ ಫೆಬ್ರವರಿಯಲ್ಲಿ, ಜಪಾನಿನ ನೆರವಿನಿಂದ ಶುರುವಾಗಿತ್ತು. ದೂರದರ್ಶನ ಅಂತ ನಾವು ಇಟ್ಟೆವು, ಅವರು ರೂಪವಾಹಿನಿ ಅಂತ ಇಟ್ಟರು. ನಿಜ ಹೇಳಬೇಕೆಂದರೆ ಅವರ ಹೆಸರೇ ಚೆನ್ನಾಗಿದೆ. ಧಾರಾವಾಹಿಗೆ ಅಲ್ಲಿ ಟೆಲಿಡ್ರಾಮಾ ಎನ್ನುತ್ತಾರೆ. ಆಗಿನವು ವಾರಕ್ಕೊಂದು ಕಂತಿನವು, ಕೆಲವು ತಿಂಗಳಲ್ಲಿ ಮುಗಿಯುತ್ತಿದ್ದವು. ಅತ್ತೆ ಸೊಸೆ ಎಂಟು ವರ್ಷ ಜಗಳ ಆಡುವ ಪದ್ಧತಿ ಇನ್ನೂ ಬಂದಿರಲಿಲ್ಲ.

ಸಿನಿಮಾದ ದೊಡ್ಡವರು ಟಿವಿಗೆ ಮೂಗು ಮುರಿಯುತ್ತಿದ್ದ ಕಾಲ ಅದು. ಮಾಲಿನಿ ಮುರಿಯಲಿಲ್ಲ. ನಟಿಸಿದ್ದಲ್ಲದೆ 'ನಿರುಪಮಾಲ' ಎಂಬ ಟೆಲಿಡ್ರಾಮಾ ನಿರ್ದೇಶಿಸಿದರು. ಶ್ರೀಲಂಕಾದಲ್ಲಿ ಟಿವಿ ಧಾರಾವಾಹಿ ನಿರ್ದೇಶಿಸಿದ ಮೊದಲ ಮಹಿಳೆ ಎಂದು ಅವರನ್ನು ಗುರುತಿಸುತ್ತಾರೆ. ಅಷ್ಟರಲ್ಲೇ ಸಿನಿಮಾ ನಿರ್ದೇಶನಕ್ಕೂ ಕೈಹಾಕಿದ್ದರು. 1984ರಲ್ಲಿ 'ಸಸರ ಚೇತನ', 1987ರಲ್ಲಿ 'ಅಹಿಂಸಾ', 1991ರಲ್ಲಿ 'ಸ್ತ್ರೀ'. ಇವು ಲೆಸ್ಟರ್ ದಾರಿಯವಲ್ಲ, ಜನರಿಗಾಗಿ ಮಾಡಿದವು. ವಿಮರ್ಶಕರ ಪಟ್ಟಿಗಳಲ್ಲಿ ಇವು ಕಾಣುವುದಿಲ್ಲ. ಆದರೆ ನಾಯಕಿಯ ವಯಸ್ಸು ಮೂವತ್ತೈದು ದಾಟಿದರೆ ನಾಯಕನ ಅತ್ತಿಗೆ ಪಾತ್ರ ಕೊಡುವ ಉದ್ಯಮದಲ್ಲಿ, ಅತ್ತಿಗೆ ಪಾತ್ರಕ್ಕೆ ಕಾಯದೆ ಕ್ಯಾಮೆರಾದ ಹಿಂದೆ ಹೋಗಿ ನಿಂತದ್ದು ಸಣ್ಣ ವಿಷಯ ಅಲ್ಲ.

2010ರಿಂದ 2015ರವರೆಗೆ ಸಂಸತ್ ಸದಸ್ಯೆ. ಚುನಾವಣೆಗೆ ನಿಂತು ಗೆದ್ದದ್ದಲ್ಲ, ಅಲ್ಲಿ ಪಕ್ಷಗಳಿಗೆ ರಾಷ್ಟ್ರೀಯ ಪಟ್ಟಿ ಅಂತ ಇರುತ್ತದೆ, ಅದರ ಮೂಲಕ, ಮಹಿಂದ ರಾಜಪಕ್ಸ ಅವರ ಮೈತ್ರಿಕೂಟದಿಂದ. ಇದರ ಬಗ್ಗೆ ನನಗೆ ಹೇಳುವಂಥದ್ದು ಹೆಚ್ಚಿಲ್ಲ. ಸಿನಿಮಾದವರನ್ನು ಪಕ್ಷಗಳು ಯಾಕೆ ಕರೆಯುತ್ತವೆ ಅಂತ ನಮಗೂ ಗೊತ್ತು. ಅದೇ 2010ರಲ್ಲಿ ಸಿಎನ್‌ಎನ್ ಏಷ್ಯಾದ ಸಾರ್ವಕಾಲಿಕ 25 ಶ್ರೇಷ್ಠ ನಟನಟಿಯರ ಪಟ್ಟಿ ಮಾಡಿದಾಗ, ಮೀನಾಕುಮಾರಿ, ಗುರುದತ್ ಇದ್ದ ಆ ಪಟ್ಟಿಯಲ್ಲಿ ಮಾಲಿನಿ ಕೂಡ ಇದ್ದರು. ನನಗೆ ಅದೇ ಜಾಸ್ತಿ ಖುಷಿ ಕೊಟ್ಟದ್ದು.

ಈಗ 'ನಿಧಾನಯ'. 1972ರದ್ದು. ಲೆಸ್ಟರ್ ನಿರ್ದೇಶನ, ಜಿ. ಬಿ. ಸೇನಾನಾಯಕ ಅವರ ಸಣ್ಣಕತೆ, ಪ್ರೇಮಸಿರಿ ಖೇಮದಾಸ ಅವರ ಸಂಗೀತ. ಆ ವರ್ಷ ವೆನಿಸ್ ಉತ್ಸವದಲ್ಲಿ ಗೌರವ ಪಡೆಯಿತು. 1997ರಲ್ಲಿ ಸಿಂಹಳ ಸಿನಿಮಾಕ್ಕೆ ಐವತ್ತು ತುಂಬಿದಾಗ, ಐವತ್ತು ವರ್ಷದ ಅತ್ಯುತ್ತಮ ಚಿತ್ರ ಇದೇ ಎಂದು ಆರಿಸಿದರು. ನಮ್ಮಲ್ಲಿ ನಿಧಾನ ಅಂದರೆ ಮೆಲ್ಲಗೆ. ಆದರೆ ಹಳೆಯ ನಿಘಂಟು ತೆಗೆದರೆ ನಿಧಾನ ಅಂದರೆ ನಿಧಿ ಅಂತಲೂ ಇದೆ. ಸಿಂಹಳದವರು ಆ ಅರ್ಥವನ್ನು ಉಳಿಸಿಕೊಂಡಿದ್ದಾರೆ. ಚಿತ್ರ ನಿಧಾನವೂ ಹೌದು, ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ.

ವಿಲ್ಲಿ ಅಬೇನಾಯಕ ಎಂಬ ಹಳೆ ಶ್ರೀಮಂತ ಮನೆತನದವನು. ದೊಡ್ಡ ಮನೆ ಇದೆ, ಕೈಯಲ್ಲಿ ದುಡ್ಡಿಲ್ಲ. ಬೆಟ್ಟದ ಬಂಡೆಯ ಅಡಿ ನಿಧಿ ಇದೆ ಎಂದು ಅವನಿಗೆ ಗೊತ್ತಾಗುತ್ತದೆ. ನಿಧಿ ಕೈಗೆ ಬರಬೇಕಾದರೆ ಬಲಿ ಕೊಡಬೇಕು. ಕತ್ತಿನ ಮೇಲೆ ನಾಲ್ಕು ಮಚ್ಚೆ ಇರುವ ಹೆಣ್ಣಿನ ಬಲಿ. ಹುಡುಕುತ್ತಾನೆ. ಐರೀನ್ ಸಿಗುತ್ತಾಳೆ. ಮದುವೆಯಾಗುತ್ತಾನೆ. ಸಂಸಾರ ಚೆನ್ನಾಗಿಯೇ ಸಾಗುತ್ತದೆ, ಅದೇ ಅವನಿಗೆ ಕಷ್ಟ. ಕೊಲ್ಲಲೆಂದು ತಂದವಳನ್ನು ಪ್ರೀತಿಸತೊಡಗಿದರೆ ಏನು ಮಾಡುವುದು?

ಐರೀನ್ ಆದದ್ದು ಮಾಲಿನಿ, ಇಪ್ಪತ್ತೈದರ ಆಸುಪಾಸು. ಕಷ್ಟ ಎಲ್ಲ ವಿಲ್ಲಿಯದ್ದು, ಒದ್ದಾಟ ಎಲ್ಲ ಗಾಮಿನಿ ಫೊನ್ಸೇಕಾ ಅವರ ಪಾಲಿಗೆ. ಮಾಲಿನಿಗೆ ಏನೂ ಇಲ್ಲ. ಏನೂ ಗೊತ್ತಿಲ್ಲದ ಹೆಂಡತಿಯಾಗಿ ಇರಬೇಕು, ಅಷ್ಟೇ. ಆದರೆ ಯೋಚನೆ ಮಾಡಿ. ನಮಗೆ ಎಲ್ಲ ಗೊತ್ತು. ನಟಿಗೂ ಕತೆ ಗೊತ್ತು. ಪಾತ್ರಕ್ಕೆ ಮಾತ್ರ ಗೊತ್ತಿಲ್ಲ. ಕಣ್ಣಿನಲ್ಲಿ ಒಂದು ಚೂರು ಅನುಮಾನ ಮೂಡಿದರೂ ಚಿತ್ರ ಅಲ್ಲೇ ಕುಸಿಯುತ್ತದೆ. ಅಮಾಯಕತನವನ್ನು ಜಾಸ್ತಿ ಮಾಡಿದರೆ ಪೆದ್ದಿ ಅನಿಸುತ್ತಾಳೆ, ಆಗಲೂ ಕುಸಿಯುತ್ತದೆ. ಅವರು ಎರಡೂ ಮಾಡದೆ ಗಂಡನ ಜೊತೆ ಸುಮ್ಮನೆ ಬದುಕುತ್ತಾರೆ. ನಾವು ಪಾತ್ರದ ಮುಖ ಬಿಟ್ಟು ಅವಳ ಕತ್ತನ್ನೇ ನೋಡಲು ಶುರು ಮಾಡುತ್ತೇವೆ, ವಿಲ್ಲಿಯ ಹಾಗೆಯೇ. ನಾವೂ ಅವನ ಪಕ್ಷದವರಾಗಿಬಿಟ್ಟೆವಲ್ಲ ಅಂತ ನಡುವೆ ಎಲ್ಲೋ ನಾಚಿಕೆಯಾಗುತ್ತದೆ.

ಮೂವತ್ತಾರು ವರ್ಷ ಬಿಟ್ಟು ಇದಕ್ಕೆ ಪೂರ್ತಿ ತಿರುಗಾಮುರುಗಾ ಪಾತ್ರ ಮಾಡಿದರು. 2008ರ 'ಆಕಾಸ ಕುಸುಮ್', ಪ್ರಸನ್ನ ವಿತಾನಗೆ ನಿರ್ದೇಶನ. ನಮ್ಮಲ್ಲಿ ಗಗನಕುಸುಮ ಎನ್ನುತ್ತೇವಲ್ಲ, ಅದೇ. ಸಂಧ್ಯಾ ರಾಣಿ ಎಂಬ ಹಳೆಯ ತಾರೆ. ಒಂದು ಕಾಲಕ್ಕೆ ಎಲ್ಲರ ಬಾಯಲ್ಲಿದ್ದವಳು, ಈಗ ಯಾರಿಗೂ ಬೇಡ. ಹೊಟ್ಟೆಪಾಡಿಗೆ ಮನೆಯ ಕೋಣೆಯನ್ನು ಇಂದಿನ ತಾರೆಯರಿಗೆ ಕದ್ದುಮುಚ್ಚಿ ಸೇರಲು ಬಾಡಿಗೆಗೆ ಕೊಡುತ್ತಾಳೆ. ಹಿಂದೆ ಬಿಟ್ಟುಬಂದ ಮಗಳು ಒಂದು ದಿನ ಬದುಕಿನೊಳಗೆ ಮತ್ತೆ ಬರುತ್ತಾಳೆ. ಐರೀನ್‌ಗೆ ಏನೂ ಗೊತ್ತಿರಲಿಲ್ಲ, ಸಂಧ್ಯಾ ರಾಣಿಗೆ ಎಲ್ಲ ಗೊತ್ತು. ಗೊತ್ತಿದ್ದೂ ಬಾಯಿ ಬಿಡಬಾರದು. ಇನ್ನೂ ರಾಣಿ ಎಂದೇ ಕರೆಸಿಕೊಳ್ಳುತ್ತಿದ್ದ ನಟಿ, ಜನ ಮರೆತ ನಟಿಯ ಪಾತ್ರಕ್ಕೆ ಒಪ್ಪಿಕೊಳ್ಳುವುದು ಹುಡುಗಾಟವಲ್ಲ. ನೋಡುವವರು ಎರಡನ್ನೂ ಒಂದೇ ಮಾಡಿಕೊಳ್ಳುತ್ತಾರೆ ಎಂಬುದು ಅವರಿಗೆ ತಿಳಿಯದ್ದೇನಲ್ಲ.

ಲೆಸ್ಟರ್ ಹೆಸರು ಮತ್ತೆ ಬರುತ್ತದೆ ಎಂದಿದ್ದೆ. 2002ರಲ್ಲಿ ಅವರು ಚೆಕಾಫ್ ನಾಟಕವೊಂದರ ನೆರಳಿನಲ್ಲಿ 'ವೇಕಂದ ವಲವ್ವ' ಮಾಡಿದರು. ಸಾಲದಲ್ಲಿ ಮುಳುಗಿದ ದೊಡ್ಡಮನೆಯ ಒಡತಿ ಮಾಲಿನಿ. ಶ್ರೀಲಂಕಾ ಮೊದಲ ಸಲ ಆಸ್ಕರ್‌ಗೆ ಕಳಿಸಿದ ಚಿತ್ರ ಅದು. 2006ರಲ್ಲಿ 'ಅಮ್ಮಾವರುನೇ' ಮಾಡಿದಾಗ ಲೆಸ್ಟರ್‌ಗೆ 87 ವರ್ಷ. ಅದು ಅವರ ಕೊನೆಯ ಚಿತ್ರ, ಅದರಲ್ಲೂ ಮಾಲಿನಿ ಇದ್ದರು. 'ಅಕ್ಕರ ಪಹ'ದ ಹುಡುಗಿ ಅಲ್ಲಿ ತಾಯಿ.

ಇನ್ನು ಲೈಟ್ ಆರಿಸೋಣ. ಕಾಪಿ ಅಷ್ಟು ಚೆನ್ನಾಗಿಲ್ಲ, ಅಲ್ಲಲ್ಲಿ ಗೀರುಗಳಿವೆ. ಕನ್ನಡದಲ್ಲಿ ಸಬ್‌ಟೈಟಲ್ ಇಲ್ಲ. ಕಣ್ಣಿಗೆ ಸ್ವಲ್ಪ ಕೆಲಸ ಜಾಸ್ತಿ.

(ಚಿತ್ರ ಮುಗಿದ ಮೇಲೆ ಬಹಳ ಹೊತ್ತು ಯಾರೂ ಏಳಲಿಲ್ಲ. ಕುರ್ಚಿ ಜೋಡಿಸುವಾಗ, ಪ್ರತಿ ತಿಂಗಳೂ ಮೊದಲ ಸಾಲಿನಲ್ಲೇ ಕೂರುವ ಹಿರಿಯಮ್ಮ ಒಬ್ಬರು ಹತ್ತಿರ ಬಂದರು.

"ಪಾಪ, ಆ ಹುಡುಗಿಗೆ ಕೊನೆಯವರೆಗೂ ಗೊತ್ತಾಗಲೇ ಇಲ್ಲ ಅಲ್ವೇನಪ್ಪಾ?" ಎಂದರು.

"ಇಲ್ಲಮ್ಮ," ಎಂದೆ.

ಅವರು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಹೋಗಿ, ಮತ್ತೆ ತಿರುಗಿ ಬಂದರು. "ನನಗ್ಯಾಕೋ ಗೊತ್ತಿತ್ತು ಅನ್ಸತ್ತೆ ಕಣಪ್ಪ. ಇನ್ನೊಂದ್ಸಲ ಹಾಕ್ತೀರಾ?")